ಅಂಗಳದ ಅಳತೆ, ಮರದ ಅಳತೆ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಊರುಗಳ ನರ್ಸರಿಗಳ ಮುಂದೆ ಕುಂಡಗಳ ಸಾಲೊಂದು ಕಾಣಿಸಿಕೊಳ್ಳುತ್ತದೆ. ಮೊಣಕಾಲೆತ್ತರದ ನೆಟ್ಟನೆಯ ಕಾಂಡ, ಅದರ ಸುತ್ತ ಅಂತಸ್ತು ಅಂತಸ್ತಾಗಿ ಹರಡಿದ ಕೊಂಬೆಗಳು, ಮುಟ್ಟಿದರೆ ಮೃದುವೆನಿಸುವ ಸಣ್ಣ ಸೂಜಿಯಂತಹ ಎಲೆಗಳು. ನಾವು ಅದನ್ನು ‘ಕ್ರಿಸ್ಮಸ್ ಗಿಡ’ವೆಂದು ಕರೆದು ಮನೆಗೆ ತರುತ್ತೇವೆ. ಮಕ್ಕಳು ನಕ್ಷತ್ರ ಕಟ್ಟುತ್ತಾರೆ, ದೀಪದ ಸರ ಸುತ್ತುತ್ತಾರೆ. ಹಬ್ಬ ಮುಗಿದ ಮೇಲೆ ಬಿಸಾಡಲು ಮನಸ್ಸು ಬಾರದೆ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ ನೆಟ್ಟುಬಿಡುತ್ತೇವೆ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ಪ್ರಶ್ನೆ ಹುಟ್ಟುವುದು ಆ ಗುಂಡಿಯಲ್ಲಿಯೇ. ನಮ್ಮ ಜಾಗಕ್ಕೆ ಹೊಂದಲಿ ಎಂಬ ಕಾರಣಕ್ಕಾಗಿ ಇನ್ನೊಂದು ಜೀವವನ್ನು ಚಿಕ್ಕದಾಗಿಯೇ ಇರಿಸಿಕೊಳ್ಳುವ ಹಕ್ಕು ನಮಗಿದೆಯೇ?

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು. ನಮ್ಮ ಮನೆ ಮೈಸೂರಿನಲ್ಲಿ, 30×40 ಅಡಿಯ ನಿವೇಶನದಲ್ಲಿದೆ. ಮನೆಗೆ, ಮೆಟ್ಟಿಲಿಗೆ, ನೀರಿನ ತೊಟ್ಟಿಗೆ ಹೋಗಿ ಮಣ್ಣು ಎಂದು ಉಳಿದದ್ದು ಗೇಟಿನ ಪಕ್ಕದ ನಾಲ್ಕು ಹೆಜ್ಜೆ ಜಾಗ. ಹದಿನೆಂಟು ವರ್ಷಗಳ ಹಿಂದೆ ಅಲ್ಲಿ ಇಂತಹದೊಂದು ಗಿಡ ನೆಟ್ಟೆ. “ಇದು ಗಿಡ್ಡ ಜಾತಿ ಸಾರ್, ಜಾಸ್ತಿ ಬೆಳೆಯೋದಿಲ್ಲ” ಎಂದು ಮಾರಿದವನು ಹೇಳಿದ್ದ. ಅವನನ್ನು ನಾನೀಗ ದೂರುವುದಿಲ್ಲ. ನಾನು ಕೇಳಬಯಸಿದ್ದನ್ನೇ ಅವನು ಹೇಳಿದ. ಹತ್ತನೆಯ ವರ್ಷಕ್ಕೆ ಅದು ಮೊದಲ ಮಹಡಿಯ ಕಿಟಕಿಯನ್ನು ದಾಟಿತು. ಇನ್ನೆರಡು ವರ್ಷಗಳಲ್ಲಿ ಬೀದಿಯ ವಿದ್ಯುತ್ ತಂತಿಯನ್ನು ಮುಟ್ಟತೊಡಗಿತು. ಒಂದು ಬೆಳಿಗ್ಗೆ ಕೂಲಿಯವನೊಬ್ಬನನ್ನು ಕರೆಸಿ ತುದಿಯಿಂದ ಐದಡಿ ಕಡಿಸಿದೆ. ಐದು ನಿಮಿಷದ ಕೆಲಸ, ಮುಗಿಯಿತು. ಆಗ ಜಗಲಿಯಲ್ಲಿ ಕುಳಿತಿದ್ದ ನನ್ನ ಸೋದರತ್ತೆ ಕೆಳಗೆ ಬಿದ್ದಿದ್ದ ತುದಿಯನ್ನು ನೋಡಿ ಕೇಳಿದ್ದು ಒಂದೇ ಮಾತು: “ಇನ್ನು ಇದಕ್ಕೆ ಮೊದಲಿನ ಹಾಗೆ ಬೆಳೆಯೋಕಾಗಲ್ಲ, ಅಲ್ವೇನಪ್ಪ?”

ನಾನು ಉತ್ತರಿಸಲಿಲ್ಲ. ಉತ್ತರ ನನಗೆ ಗೊತ್ತೇ ಇರಲಿಲ್ಲ. ಕಡಿದ ಮೇಲೆ ಓದಿ ತಿಳಿದುಕೊಂಡೆ. ಕಡಿಯುವ ಮೊದಲು ತಿಳಿದುಕೊಳ್ಳಬೇಕಾಗಿತ್ತು.

ನಾವು ಪೈನ್ ಎಂದು ತಿಳಿದಿರುವ ಈ ಗಿಡ ನಿಜವಾದ ಪೈನ್ ಅಲ್ಲ. ಇದು ಅರೌಕೇರಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದ್ದು. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ ಇರುವ ನಾರ್ಫೋಕ್ ಎಂಬ ಪುಟ್ಟ ದ್ವೀಪ. 1774ರಲ್ಲಿ ಜೇಮ್ಸ್ ಕುಕ್ ಎಂಬ ಆಂಗ್ಲ ನಾವಿಕ ಆ ದ್ವೀಪದಲ್ಲಿ ಇಳಿದಾಗ ಆಕಾಶಕ್ಕೆ ನೆಟ್ಟನೆ ಎದ್ದು ನಿಂತ ಈ ಮರಗಳನ್ನು ಕಂಡು, ಹಡಗುಗಳ ಹಾಯಿಕಂಬಕ್ಕೆ ಇವು ತಕ್ಕವು ಎಂದು ಎಣಿಸಿದನಂತೆ. ಮುಂದೆ ಕಡಿದು ನೋಡಿದಾಗ ಆ ಕೆಲಸಕ್ಕೆ ಬೇಕಾದಷ್ಟು ಗಟ್ಟಿತನ ಅವುಗಳಲ್ಲಿರಲಿಲ್ಲ. ತನ್ನ ನೆಲದಲ್ಲಿ ಈ ಮರ 50 ಮೀಟರಿಗೂ ಮೀರಿ ಬೆಳೆಯುತ್ತದೆ. ಎಂದರೆ ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರ. ನಾವು ಕುಂಡದಲ್ಲಿ ಕೊಂಡು ತರುವುದು ಅದರ ಶೈಶವವನ್ನು. ಅದು ಚಿಕ್ಕ ಮರವಲ್ಲ, ಎಳೆಯ ಮರ. ಈ ಎರಡರ ನಡುವಿನ ವ್ಯತ್ಯಾಸವನ್ನು ಗಮನಿಸದಿದ್ದುದೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ಈ ಮರದ ಬೆಳವಣಿಗೆಯ ರೀತಿಯೇ ವಿಶಿಷ್ಟ. ನಡುಕಾಂಡದ ತುದಿಮೊಗ್ಗು ಮೇಲಕ್ಕೆ ಬೆಳೆಯುತ್ತದೆ, ಪಕ್ಕದ ಕೊಂಬೆಗಳು ಅಡ್ಡಲಾಗಿ ಬೆಳೆಯುತ್ತವೆ. ಪಕ್ಕದ ಕೊಂಬೆಯೊಂದನ್ನು ಕತ್ತರಿಸಿ ಬೇರು ಬರಿಸಿ ನೆಟ್ಟರೂ ಅದು ನೆಲಕ್ಕೆ ಸಮಾನವಾಗಿ ಅಡ್ಡಡ್ಡವೇ ಸಾಗುತ್ತದೆಯೇ ಹೊರತು ಎದ್ದು ಮರವಾಗಿ ನಿಲ್ಲುವುದಿಲ್ಲ. ಮೇಲೇರುವ ಸ್ವಭಾವ ತುದಿಯೊಂದಕ್ಕೆ ಮಾತ್ರ. ಆ ತುದಿಯನ್ನು ಕಡಿದರೆ ಕಾಂಡದಿಂದ ಎರಡೋ ಮೂರೋ ಹೊಸ ತುದಿಗಳೆದ್ದು ಒಂದಕ್ಕೊಂದು ಪೈಪೋಟಿಗೆ ನಿಲ್ಲಬಹುದು. ಮರ ಬದುಕಿಯೂ ಇರುತ್ತದೆ. ಆದರೆ ಆ ಗೋಪುರದಂತಹ ಅಂದ ಮತ್ತೆ ಮರಳದು. ನಮ್ಮ ಮನೆಯ ಮುಂದಿನ ಮರ ಇಂದಿಗೂ ಹಸಿರಾಗಿಯೇ ಇದೆ. ನೆತ್ತಿಯಲ್ಲಿ ಮಾತ್ರ ಅದೊಂದು ಕವಲೊಡೆದ ಮೊಂಡು ಮರ.

ಹಾಗಾದರೆ ಚಿಕ್ಕ ಅಂಗಳದವರು ಇಂತಹ ಹಸಿರನ್ನು ಬಯಸುವುದೇ ತಪ್ಪೇ? ಅಲ್ಲ. ಲೋಕದಲ್ಲಿ ಸ್ವಭಾವದಿಂದಲೇ ಗಿಡ್ಡವಾದ ಪೈನ್‌ಗಳಿವೆ. ಯೂರೋಪಿನ ಆಲ್ಪ್ಸ್ ಮತ್ತು ಕಾರ್ಪೇಥಿಯನ್ ಪರ್ವತಗಳ ಎತ್ತರದಲ್ಲಿ, ದೊಡ್ಡ ಮರಗಳು ಇನ್ನು ಬೆಳೆಯಲಾರದೆ ನಿಂತುಹೋಗುವ ಮೇರೆಯಲ್ಲಿ, ಮ್ಯೂಗೋ ಎಂಬ ಪೈನ್ ಪೊದೆಪೊದೆಯಾಗಿ ನೆಲ ಹಿಡಿದಿರುತ್ತದೆ. ತಿಂಗಳುಗಟ್ಟಲೆ ಹಿಮದ ಭಾರ ಅದರ ಮೇಲೆ ಕುಳಿತಿರುತ್ತದೆ. ಅದರ ಕೊಂಬೆಗಳು ಮುರಿಯುವುದಿಲ್ಲ, ಬಾಗುತ್ತವೆ. ಹಿಮ ಕರಗಿದಾಗ ಮತ್ತೆ ಏಳುತ್ತವೆ. ಇಳಿಜಾರಿನ ಮಣ್ಣನ್ನೂ ಹಿಮವನ್ನೂ ಹಿಡಿದು ನಿಲ್ಲಿಸುವುದರಲ್ಲಿ ಈ ಗಿಡ್ಡ ಪೊದೆಗಳ ಪಾಲು ದೊಡ್ಡದು. ಅದರ ಗಿಡ್ಡತನ ಯಾರೂ ಹೇರಿದ್ದಲ್ಲ, ತಾನು ನಿಂತ ನೆಲದೊಂದಿಗೆ ಅದು ಮಾಡಿಕೊಂಡ ಒಪ್ಪಂದ. ಇದರಿಂದ ಆಯ್ದು ಬೆಳೆಸಿದ ‘ಮಾಪ್ಸ್’ ಮುಂತಾದ ದುಂಡನೆಯ ತಳಿಗಳು ಚಳಿದೇಶಗಳ ಪುಟ್ಟ ಮನೆದೋಟಗಳಲ್ಲಿ ಬಹಳ ಮೆಚ್ಚಿಗೆ ಪಡೆದಿವೆ. ನಿಜವಾದ ಚಳಿಗಾಲವಿಲ್ಲದ ನಮ್ಮ ಬಯಲುಸೀಮೆಗೆ ಅದು ಒಗ್ಗುವ ಗಿಡವಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಆಸೆಪಟ್ಟು ತರಿಸಿ ಕೊರಗಿಸುವುದು ಬೇಡ.

ಇಲ್ಲಿಯೂ ಒಂದು ಎಚ್ಚರಿಕೆಯಿದೆ. ಸಸ್ಯಪ್ರಿಯರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2.5ರಿಂದ 15 ಸೆಂಟಿಮೀಟರಿನಷ್ಟು ಬೆಳೆಯುವ ಪೈನ್‌ಗಳನ್ನು ‘ಗಿಡ್ಡ’ ಎನ್ನುತ್ತಾರೆ. ಎಂದರೆ ‘ಗಿಡ್ಡ’ ಎಂಬುದು ಎತ್ತರದ ಮಾತಲ್ಲ, ವೇಗದ ಮಾತು. ವರ್ಷಕ್ಕೆ 15 ಸೆಂಟಿಮೀಟರ್ ಬೆಳೆಯುವ ಗಿಡ ಇಪ್ಪತ್ತು ವರ್ಷಗಳಲ್ಲಿ 3 ಮೀಟರ್ ಆಗಿರುತ್ತದೆ. ಗಿಡ್ಡ ಪೈನ್ ನಿಂತಿಲ್ಲ, ನಿಧಾನವಾಗಿ ನಡೆಯುತ್ತಿದೆ ಅಷ್ಟೆ. ಜೀವವಿರುವ ಯಾವುದೂ ನಮ್ಮ ಅನುಕೂಲಕ್ಕಾಗಿ ಒಂದು ಅಳತೆಗೆ ಬಂದು ನಿಂತುಬಿಡುವುದಿಲ್ಲ.

ಹಾಗೆ ನಿಧಾನವಾಗಿ ಬೆಳೆಯುವುದನ್ನೂ ಅಂಗಳಕ್ಕೆ ಹೊಂದಿಸಿಕೊಳ್ಳಲು ಬಲ್ಲವರು ಒಂದು ಉಪಾಯ ಮಾಡುತ್ತಾರೆ. ವಸಂತದಲ್ಲಿ ಪೈನ್ ಮರದ ಹೊಸ ಚಿಗುರುಗಳು ಮೇಣದ ಬತ್ತಿಗಳಂತೆ ನೆಟ್ಟಗೆ ನಿಲ್ಲುತ್ತವೆ. ಅವುಗಳನ್ನು ಹಾಗೆಯೇ ‘ಬತ್ತಿ’ ಎಂದೇ ಕರೆಯುತ್ತಾರೆ. ಸೂಜಿಯೆಲೆಗಳು ಬಿಚ್ಚಿಕೊಳ್ಳುವ ಮೊದಲು, ಚಿಗುರು ಇನ್ನೂ ಮೆತ್ತಗಿರುವಾಗ, ಪ್ರತಿಯೊಂದು ಬತ್ತಿಯ ಅರ್ಧದಷ್ಟನ್ನು ಬೆರಳಿನಿಂದಲೇ ಚಿವುಟುತ್ತಾರೆ. ಗಿಡ ದಟ್ಟವಾಗುತ್ತದೆ, ಎತ್ತರ ಹಿಡಿತದಲ್ಲಿರುತ್ತದೆ. ಇದನ್ನು ಪ್ರತಿವರ್ಷವೂ ಮಾಡಬೇಕು. ಐದಾರು ವರ್ಷ ಮರೆತು ಕೊನೆಗೆ ಕೊಡಲಿ ಹಿಡಿದು ಬಂದರೆ ಪೈನ್ ಕ್ಷಮಿಸುವುದಿಲ್ಲ. ಹಸಿರೆಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕಡಿದರೆ ಸಾಮಾನ್ಯವಾಗಿ ಅಲ್ಲಿ ಮತ್ತೆ ಚಿಗುರೊಡೆಯುವುದಿಲ್ಲ. ಹತ್ತಿರವಿದ್ದು ಮೃದುವಾಗಿ ಚಿವುಟಿದವನಿಗೆ ಅದು ಒಲಿಯುತ್ತದೆ. ದೂರವಿದ್ದು ಒಂದು ದಿನ ಬಂದು ಕಡಿದವನಿಗೆ ಬೋಳು ಕೊಂಬೆಯನ್ನು ಉಳಿಸುತ್ತದೆ.

ಚಿಕ್ಕದಾಗಿಸುವ ಈ ವಿದ್ಯೆಯನ್ನು ಅತ್ಯಂತ ದೂರಕ್ಕೆ ಒಯ್ದವರು ಜಪಾನೀಯರು. ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಬೋನ್ಸಾಯ್ ಸಂಗ್ರಹಾಲಯದಲ್ಲಿ ಜಪಾನಿನ ಬಿಳಿ ಪೈನ್ ಒಂದಿದೆ. 1625ರಿಂದ ಅದನ್ನು ಕುಂಡದಲ್ಲಿ ಪಳಗಿಸುತ್ತಾ ಬರಲಾಗಿದೆ. ಹಿರೋಷಿಮಾದ ಯಮಾಕಿ ಮನೆತನದವರು ತಲೆಮಾರುಗಳ ಕಾಲ ಅದನ್ನು ಸಾಕಿದರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಸ್ಥಳದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ ಅವರ ಮನೆ, ಗಿಡಗಳ ತೋಟ ಎರಡೂ ಇದ್ದವು. ಕಿಟಕಿಯ ಗಾಜುಗಳು ಒಡೆದು ಮನೆಯವರಿಗೆ ತಗುಲಿದವು. ತೋಟದ ಗೋಡೆಯ ಮರೆಯಲ್ಲಿದ್ದ ಈ ಮರ ಉಳಿಯಿತು. 1976ರಲ್ಲಿ ಮಸಾರು ಯಮಾಕಿಯವರು, ತಮ್ಮ ನಗರದ ಮೇಲೆ ಬಾಂಬು ಹಾಕಿದ ಅದೇ ದೇಶಕ್ಕೆ, ಅದರ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಕಾಣಿಕೆಯಾಗಿ ಈ ಮರವನ್ನು ಕೊಟ್ಟರು. ಅದು ಬಾಂಬಿನಿಂದ ಪಾರಾದ ಮರವೆಂಬ ಸಂಗತಿ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳಿಬ್ಬರು ತಾತನ ಮರವನ್ನು ನೋಡಲು ಬಂದಾಗ.

ಈ ಕಥೆಯನ್ನು ಕೇಳಿದವರು ಕ್ಷಮೆಯ ಪಾಠವನ್ನು ಅದರಲ್ಲಿ ಕಾಣುತ್ತಾರೆ, ಸರಿಯೇ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಬೋನ್ಸಾಯ್ ಕುಂಡದಲ್ಲಿರುವ ಮಣ್ಣು ಹಿಡಿಯಷ್ಟು. ಬೇಸಿಗೆಯಲ್ಲಿ ಒಂದೆರಡು ದಿನ ನೀರು ತಪ್ಪಿದರೂ ಮರಕ್ಕೆ ಸಾವು ಬರಬಹುದು. ಕೆಲವು ವರ್ಷಗಳಿಗೊಮ್ಮೆ ಬೇರು ಸವರಿ ಹೊಸ ಮಣ್ಣು ಕೊಡಬೇಕು. ಕೊಂಬೆ ಬಾಗಿಸಲು ಸುತ್ತಿದ ತಂತಿಯನ್ನು, ಅದು ತೊಗಟೆಯೊಳಗೆ ಕಚ್ಚಿಕೊಳ್ಳುವ ಮೊದಲೇ ಬಿಚ್ಚಬೇಕು. ಮರೆತರೆ ಗಾಯದ ಗುರುತು ಬಹುಕಾಲ ಉಳಿಯುತ್ತದೆ. ಆ ಮರ 400 ವರ್ಷ ಬದುಕಿದೆಯೆಂದರೆ, 400 ಬೇಸಿಗೆಗಳಲ್ಲಿಯೂ ಯಾರೋ ಒಬ್ಬರು ಅದಕ್ಕೆ ನೀರು ಹಾಕಲು ಮರೆಯಲಿಲ್ಲವೆಂದು ಅರ್ಥ. ಯುದ್ಧದ ನಡುವೆಯೂ, ಯುದ್ಧದ ಮರುದಿನಗಳಲ್ಲಿಯೂ ಮರೆಯಲಿಲ್ಲ. ಮರವನ್ನು ಕುಂಡಕ್ಕೆ ಕಟ್ಟಿಹಾಕಿದವರು ತಮ್ಮನ್ನೂ ಆ ಕುಂಡಕ್ಕೆ ಕಟ್ಟಿಹಾಕಿಕೊಂಡಿದ್ದರು.

ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತೆಂದು ಭಾವಿಸಿದೆ. ಇನ್ನೊಂದು ಜೀವದ ಬೆಳವಣಿಗೆಯನ್ನು ತಡೆಯುವ ಹಕ್ಕು ತನ್ನಷ್ಟಕ್ಕೆ ಯಾರಿಗೂ ಇಲ್ಲ; ಅದನ್ನು ಬಾಳಿನುದ್ದಕ್ಕೂ ಕಾಯುವ ಹೊಣೆ ಹೊತ್ತವನು ಮಾತ್ರ ಆ ಮಾತನ್ನು ಆಡಬಹುದು. ಕಡಿದು ಒಳಗೆ ಹೋಗಿ ಕಾಫಿ ಕುಡಿದ ನಾನು ಆಡುವಂತಿಲ್ಲ. ಈ ಅರ್ಧ ಉತ್ತರವನ್ನು ಹಿಡಿದುಕೊಂಡು ಕೆಲವು ಕಾಲ ನೆಮ್ಮದಿಯಿಂದಲೇ ಇದ್ದೆ.

ಉಳಿದರ್ಧ ಸಿಕ್ಕಿದ್ದು ಜಗಲಿಯಲ್ಲಿ. ನನ್ನ ಅತ್ತೆಯ ವಿಷಯ ಹೇಳಬೇಕು. ಅವರು ನನ್ನ ತಂದೆಯ ಅಕ್ಕ. ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗರಾಗಿ ತೇರ್ಗಡೆಯಾದವರು. ಆ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಮನೆಯಲ್ಲಿ ಚಿಕ್ಕವರು ನಾಲ್ವರಿದ್ದರು. ಅತ್ತೆಯನ್ನು ಶಾಲೆ ಬಿಡಿಸಿದರು. ತಮ್ಮಂದಿರು ಓದಿದರು, ನನ್ನ ತಂದೆ ಮೇಷ್ಟರಾದರು. ಅತ್ತೆಗೆ ಮದುವೆಯ ಮಾತು ಬಂದಾಗಲೆಲ್ಲ ಮನೆಗೆ ಅವರ ಅಗತ್ಯವಿತ್ತು. ಹಾಗೆಂದು ಮನೆಯವರು ಅವರನ್ನು ಕಡೆಗಣಿಸಲಿಲ್ಲ. ಊಟ, ಬಟ್ಟೆ, ಗೌರವ, ಕಾಯಿಲೆಯಲ್ಲಿ ಆರೈಕೆ, ಯಾವುದಕ್ಕೂ ಕೊರತೆಯಿಲ್ಲ. ಇಂದಿಗೂ ಅವರ ಮಾತು ಕೇಳದೆ ನಮ್ಮ ಮನೆಯಲ್ಲಿ ಹಬ್ಬದ ಅಡುಗೆ ನಿರ್ಧಾರವಾಗುವುದಿಲ್ಲ. ನನ್ನ ಅರ್ಧ ಉತ್ತರದ ಪ್ರಕಾರ ನೋಡಿದರೆ, ತಡೆದವರು ಕಾದಿದ್ದಾರೆ, ಲೆಕ್ಕ ಸರಿಹೋಗಿದೆ.

ಒಂದು ಸಂಜೆ ಆ ಜಪಾನಿನ ಮರದ ಕಥೆಯನ್ನು ಅವರಿಗೆ ಹೇಳಿದೆ. ಆಸ್ಥೆಯಿಂದ ಕೇಳಿದರು. ಬಹಳ ಹೊತ್ತು ಸುಮ್ಮನಿದ್ದು, ಯಾವ ಕಹಿಯೂ ಇಲ್ಲದ ದನಿಯಲ್ಲಿ ಹೇಳಿದರು: “ಚೆನ್ನಾಗಿ ನೋಡಿಕೊಂಡಿದ್ದಾರೆ ಬಿಡಪ್ಪ. ಮರಕ್ಕೆ ಬಾಯಿಲ್ಲ, ಅದನ್ನ ಕೇಳೋಕಾಗಲ್ಲ. ನನ್ನನ್ನ ಕೇಳಬಹುದಿತ್ತು. ಕೇಳಿದ್ದರೆ ನಾನೂ ‘ಆಗಲಿ, ಮನೇಲೇ ಇರ್ತೀನಿ’ ಅಂತಲೇ ಅಂತಿದ್ದೆನೇನೋ. ಯಾರೂ ಕೇಳಲಿಲ್ಲ.”

ಓದುಗರೇ, ಎಷ್ಟೋ ಪ್ರಬೋಧನೆಗಳಲ್ಲಿ ನಾವು ಕತ್ತರಿಸುವಿಕೆಯ ಉಪಮೆಯನ್ನು ಕೇಳಿದ್ದೇವೆ. ಶುಭಸಂದೇಶದ ದ್ರಾಕ್ಷಾಬಳ್ಳಿ ನಮಗೆಲ್ಲ ಪರಿಚಿತ. ಆದರೆ ಬಳ್ಳಿಯನ್ನು ಸವರುವುದು ಅದು ಇನ್ನೂ ಹೆಚ್ಚು ಫಲ ಕೊಡಲೆಂದು. ನಾನು ಮರದ ತುದಿ ಕಡಿಸಿದ್ದು ನನ್ನ ಮನೆಯ ತಂತಿಗೆ ತಗುಲದಿರಲೆಂದು. ಎರಡರಲ್ಲಿಯೂ ಕತ್ತಿ ಒಂದೇ. ಯಾರ ಒಳಿತಿಗಾಗಿ ಎಂಬುದು ಬೇರೆ. ಮನೆಯೊಳಗೆ ನಾವು ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ: ಶಿಸ್ತು, ಜವಾಬ್ದಾರಿ, ತ್ಯಾಗ. ತ್ಯಾಗ ದೊಡ್ಡ ಮಾತು. ಆದರೆ ತ್ಯಾಗವೆಂಬುದು ಮಾಡುವವರು ತಾವಾಗಿ ಕೊಟ್ಟಾಗ ಮಾತ್ರ ತ್ಯಾಗ. ಕೇಳದೆ ತೆಗೆದುಕೊಂಡು, ಆಮೇಲೆ ಅದಕ್ಕೆ ತ್ಯಾಗವೆಂಬ ಹೆಸರಿಟ್ಟು ಹೊಗಳಿದರೆ, ಅವರಿಂದ ಎರಡನ್ನು ಕಸಿದಂತಾಯಿತು: ಬೆಳೆಯುವ ಅವಕಾಶವನ್ನೂ, ತಾವಾಗಿ ಕೊಡುವ ಅವಕಾಶವನ್ನೂ.

ಬಡತನದಲ್ಲಿ, ಕಾಯಿಲೆಯಲ್ಲಿ, ಇಕ್ಕಟ್ಟಾದ ಮನೆಗಳಲ್ಲಿ ಎಲ್ಲರೂ ತಮ್ಮ ಪೂರ್ಣ ಎತ್ತರಕ್ಕೆ ಬೆಳೆಯುವುದು ಸಾಧ್ಯವಾಗದಿರಬಹುದು ಎಂದು ನೀವು ಹೇಳುವಿರಿ. ನಾನು ಒಪ್ಪುತ್ತೇನೆ. ನನ್ನ ಅಜ್ಜ ಕೆಟ್ಟವರಾಗಿರಲಿಲ್ಲ. ಅವರ ಅಂಗಳ ಚಿಕ್ಕದಾಗಿತ್ತು. ಯಾರಾದರೊಬ್ಬರು ಬಾಗಲೇಬೇಕಾದ ಕಾಲಗಳು ಬರುತ್ತವೆ. ಹಿಮದ ಕೆಳಗಿನ ಮ್ಯೂಗೋ ಪೈನಿನಂತೆ ಬಾಗಿ, ಕಾಲ ಬದಲಾದಾಗ ಎದ್ದವರೂ ಇದ್ದಾರೆ. ನಾನು ಕೇಳುವುದಿಷ್ಟೇ: ಬಾಗುವವರು ಯಾರೆಂಬುದನ್ನು ನಿರ್ಧರಿಸುವ ಮೊದಲು ಅವರನ್ನು ಕೇಳಿದೆವೇ? ಪ್ರತಿ ಸಲವೂ ಮನೆಯ ಹೆಣ್ಣುಮಕ್ಕಳತ್ತಲೇ ನಮ್ಮ ಕೈ ಹೋಗುತ್ತಿದೆಯಲ್ಲ, ಅದು ಕಾಕತಾಳೀಯವೇ? ಸುತ್ತಿದ ತಂತಿಯನ್ನು ಬಿಚ್ಚಬೇಕಾದ ದಿನ ಬಂದಾಗ ನಮಗೆ ಅದರ ನೆನಪಿತ್ತೇ? ಅಜ್ಜಿ ತೀರಿಕೊಂಡ ಮೇಲೆ, ತಮ್ಮಂದಿರೆಲ್ಲ ನೌಕರಿ ಹಿಡಿದ ಮೇಲೆ, ಅತ್ತೆಗೆ ಆಗಿನ್ನೂ ಇಪ್ಪತ್ತೆಂಟು ವರ್ಷ. ಆಗಲಾದರೂ ಯಾರಾದರೂ ಕೇಳಬಹುದಿತ್ತು.

ಈ ಮಾತು ಹಳೆಯ ಕಥೆಯಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ನನ್ನ ಮಗಳಿಗೆ ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಬೇಕೆಂಬ ಆಸೆ. ಮೈಸೂರಿನಲ್ಲಿಯೇ ಯಾವುದಾದರೂ ಪದವಿಗೆ ಸೇರಿಸಿದರಾಯಿತೆಂದು ನಾವು ಗಂಡಹೆಂಡತಿ ಮಾತನಾಡಿಕೊಂಡಿದ್ದೆವು. ಕಾರಣ ನ್ಯಾಯವಾದದ್ದೇ: ಇಬ್ಬರೂ ಕೆಲಸಕ್ಕೆ ಹೋಗುವವರು, ಅತ್ತೆಗೆ ಈಗ ಎಂಬತ್ತು ದಾಟಿದೆ, ಹಗಲಿನಲ್ಲಿ ಜೊತೆಗೆ ಯಾರಾದರೂ ಬೇಕು. ಯಾರ ಮೇಲೂ ಕೊಡಲಿ ಎತ್ತಿದ್ದೇವೆಂದು ನಮಗೆ ಅನ್ನಿಸಿರಲೇ ಇಲ್ಲ. ಅತ್ತೆಯ ಮಾತು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅತ್ತೆಯನ್ನು ನೋಡಿಕೊಳ್ಳಲೆಂದು, ಅತ್ತೆಗೆ ಮಾಡಿದ್ದನ್ನೇ ಇನ್ನೊಬ್ಬಳಿಗೆ ಮಾಡಹೊರಟಿದ್ದೆ.

ಮರುದಿನ ಮಗಳನ್ನು ಕೂರಿಸಿಕೊಂಡು ಮನೆಯ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ದುಡ್ಡು ಎಷ್ಟಿದೆ, ಅತ್ತೆಗೆ ಏನು ಬೇಕು, ಅವಳು ಹೋದರೆ ನಾವು ಏನೇನು ಬದಲಿಸಿಕೊಳ್ಳಬೇಕಾಗುತ್ತದೆ ಎಲ್ಲವನ್ನೂ. “ನಿನಗೇನು ಅನ್ನಿಸುತ್ತದಮ್ಮ?” ಎಂದು ಕೇಳಿದೆ. ಅವಳು ಒಮ್ಮೆಲೇ ಉತ್ತರಿಸಲಿಲ್ಲ. “ಅಜ್ಜಿಯ ಹತ್ತಿರ ಮಾತಾಡಿ ಹೇಳ್ತೀನಿ ಅಪ್ಪ” ಎಂದಳು. ಅವರಿಬ್ಬರೂ ಜಗಲಿಯಲ್ಲಿ ಬಹಳ ಹೊತ್ತು ಕುಳಿತು ಮಾತನಾಡಿದರು. ನಾನು ಒಳಗೇ ಇದ್ದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಇನ್ನೂ ಬಂದಿಲ್ಲ. ಅದು ಏನೇ ಇರಲಿ, ನಮ್ಮ ಮನೆ ಅದಕ್ಕೆ ಹೊಂದಿಕೊಳ್ಳಬೇಕೆಂದು ನಿರ್ಧರಿಸಿದ್ದೇವೆ. ಹಗಲಿನ ಆರೈಕೆಗೆ ಬೇರೆ ದಾರಿಯನ್ನು ಹುಡುಕತೊಡಗಿದ್ದೇವೆ.

ನಿಮ್ಮ ಮನೆಗೂ ಈ ಡಿಸೆಂಬರಿನಲ್ಲಿ ಆ ಕುಂಡದ ಗಿಡ ಬರಬಹುದು. ತರುವುದಾದರೆ ಅದರ ಪೂರ್ಣ ಎತ್ತರವನ್ನು ತಿಳಿದು ತನ್ನಿ. ನೀರು ಬಸಿದುಹೋಗುವ ಮಣ್ಣಿನಲ್ಲಿ, ಚೆನ್ನಾಗಿ ಬೆಳಕು ಬೀಳುವ ಕಡೆ, ಕುಂಡದಲ್ಲಿಯೇ ಕೆಲವು ವರ್ಷ ಸಾಕಿ. ಒಂದೇ ಕಡೆಗೆ ಬಾಗದಂತೆ ಆಗಾಗ ಕುಂಡವನ್ನು ತಿರುಗಿಸಿ. ತುದಿಯನ್ನು ಮಾತ್ರ ಮುಟ್ಟಬೇಡಿ. ಕುಂಡ ಸಾಲದೆ ಹೋದ ದಿನ ಅದನ್ನು ಕಡಿಯುವ ಬದಲು ಕೊಟ್ಟುಬಿಡಿ: ಶಾಲೆಯ ಮೈದಾನದಂಚಿಗೋ, ದೇವಾಲಯದ ವಿಶಾಲವಾದ ಆವರಣಕ್ಕೋ, ಊರಿನ ಹೊಲದ ಬದುವಿಗೋ, ತಂತಿಯಿಲ್ಲದ ಆಕಾಶ ಇರುವಲ್ಲಿಗೆ. ಹೋದ ವರ್ಷ ಮಗಳು ತಂದ ಗಿಡಕ್ಕೆ ನಾವು ಅಂತಹದೊಂದು ಜಾಗವನ್ನು ಈಗಲೇ ಗೊತ್ತುಮಾಡಿಟ್ಟಿದ್ದೇವೆ.

ಮರವನ್ನು ಕೇಳಲಾಗದು, ಆದ್ದರಿಂದ ಅದರ ಸ್ವಭಾವವನ್ನು ಓದಿ ತಿಳಿದುಕೊಳ್ಳಬೇಕು. ಮನೆಯವರನ್ನು ಕೇಳಬಹುದು. ನಿಮ್ಮ ಮನೆಯಲ್ಲಿಯೂ ಎಲ್ಲರ ಅನುಕೂಲಕ್ಕಾಗಿ ಚಿಕ್ಕವರಾಗಿಯೇ ಉಳಿದವರು ಒಬ್ಬರಿರಬಹುದು. ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಒಮ್ಮೆ ಕೇಳಿ. ತಡವಾಗಿದೆಯೆಂದು ಹಿಂಜರಿಯಬೇಡಿ. ನಮ್ಮ ಅತ್ತೆ ಈಗ ಮಗಳ ವಿಜ್ಞಾನದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟವಾಗಿ ಓದುತ್ತಿದ್ದಾರೆ. ಅರ್ಥವಾಗದ ಕಡೆ ಅವಳನ್ನು ಕೂಗಿ ಕೇಳುತ್ತಾರೆ.